ಆತ್ಮರಕ್ಷಣೆಗೆ ಗುಂಡು, ಕೊನೆಗೆ ಖುಲಾಸೆ: ಅಮೆರಿಕದ ತೀರ್ಪು ಹಿಡಿದು ನಮ್ಮ ತೋಟದಲ್ಲಿ ಬಂದೂಕು ಎತ್ತಬಹುದಾ?

ಚನ್ನಗಿರಿ_ತೋಟ:

ಅಡಿಕೆ ಕೊಯ್ಲು ಬಂತು ಅಂದ್ರೆ ನಮ್ಮ ಕಡೆ ಗೊನೆ ಕಳವಿನ ಮಾತೂ ಬಂತು. ಕ್ವಿಂಟಲ್ ರಾಶಿ ಅಡಿಕೆಗೆ ಈಗಿರೋ ರೇಟಲ್ಲಿ ಒಂದು ರಾತ್ರಿ ಎರಡು ಮೂಟೆ ಹೋದರೂ ಸಣ್ಣ ರೈತನಿಗೆ ವರ್ಷದ ಲೆಕ್ಕ ತಪ್ಪುತ್ತೆ. ಇದೇ ಹೊತ್ತಿಗೆ ರೈತರ ವಾಟ್ಸಾಪ್ ಗುಂಪಿನಲ್ಲಿ ಯಾರೋ ಅಮೆರಿಕದ ಕೈಲ್ ರಿಟನ್‌ಹೌಸ್ ಕೇಸಿನ ಹಳೇ ವಿಡಿಯೊ ಹಾಕಿದ್ದಾರೆ. 17 ವರ್ಷದ ಹುಡುಗ ರೈಫಲ್ ಹಿಡಿದು ಗಲಭೆ ನಡೀತಿದ್ದ ಊರಿಗೆ ಹೋದ, ಮೂವರಿಗೆ ಹೊಡೆದ, ಇಬ್ಬರು ಸತ್ತರು, 2021ರ ನವೆಂಬರ್ 19ರಂದು ಖುಲಾಸೆ ಆದ.

ಗುಂಪು ಎರಡು ಹೋಳಾಗಿದೆ. "ಬೀದೀಲಿ ಹೊಡೆದವನನ್ನೇ ಬಿಟ್ಟರು, ಸ್ವಂತ ತೋಟಕ್ಕೆ ನುಗ್ಗಿದವನಿಗೆ ಹೊಡೆದರೆ ತಪ್ಪೇನು" ಅನ್ನೋರು ಒಂದು ಕಡೆ. "ಎರಡು ಜೀವ ತೆಗೆದವನನ್ನ ಬಿಟ್ಟಿದ್ದೇ ಅನ್ಯಾಯ, ಅದನ್ನ ಉದಾಹರಣೆ ಕೊಡಬೇಡಿ" ಅನ್ನೋರು ಇನ್ನೊಂದು ಕಡೆ. ಬೈದಾಟ ಸಾಕಾಗಿದೆ. ನನಗೆ ಬೇಕಿರೋದು ಇಷ್ಟು:

ಆ ತೀರ್ಪಿನಲ್ಲಿ ನಿಜಕ್ಕೂ ತೀರ್ಮಾನ ಆಗಿದ್ದೇನು? ನಮ್ಮ ಕಾನೂನಿನಲ್ಲಿ ತೋಟ, ಕಣ, ಗೋಡೌನ್ ಮೂರಕ್ಕೂ ಒಂದೇ ನಿಯಮಾನಾ? ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸ್ ಬಂದೂಕನ್ನ ಮನುಷ್ಯನ ಮೇಲೆ ಎತ್ತಿದರೆ ಏನಾಗುತ್ತೆ? ಸೆಕ್ಷನ್ ನಂಬರ್ ಸಮೇತ ಹೇಳೋರು ಇದ್ದರೆ ಹೇಳಿ. ಅಭಿಪ್ರಾಯ ನಮ್ಮಲ್ಲೇ ಬೇಕಾದಷ್ಟಿದೆ.

---

ಕೋರ್ಟ್_ಹಾಲ್:

ಎರಡನೇ ಪ್ರಶ್ನೆಯಿಂದ ಶುರು ಮಾಡ್ತೀನಿ, ಯಾಕಂದ್ರೆ ದಾವಣಗೆರೆ ಜಿಲ್ಲೆಯಲ್ಲಿ ಕೇಸು ನಡೆಯೋದು ಅದರ ಮೇಲೆ. 2024ರ ಜುಲೈ 1ರಿಂದ ಈಚೆ ನಡೆದ ಘಟನೆಗಳಿಗೆ ಭಾರತೀಯ ನ್ಯಾಯ ಸಂಹಿತೆ. ಆತ್ಮರಕ್ಷಣೆ ಅದರ 34ರಿಂದ 44ನೇ ಸೆಕ್ಷನ್‌ವರೆಗೆ ಇದೆ. ಹಳೇ ಐಪಿಸಿಯಲ್ಲಿ ಇದೇ 96ರಿಂದ 106. ಒಳಗಿನ ಸರಕು ಹೆಚ್ಚುಕಮ್ಮಿ ಅದೇ, ಹಾಗಾಗಿ ಹಳೇ ಸುಪ್ರೀಂ ಕೋರ್ಟ್ ತೀರ್ಪುಗಳು ಈಗಲೂ ಕೆಲಸಕ್ಕೆ ಬರ್ತವೆ.

ಮೊದಲು ಗಟ್ಟಿ ಮಾಡಿಕೊಳ್ಳಬೇಕಾದ್ದು: ಜೀವ ಉಳಿಸಿಕೊಳ್ಳೋ ಹಕ್ಕು ಬೇರೆ, ಆಸ್ತಿ ಉಳಿಸಿಕೊಳ್ಳೋ ಹಕ್ಕು ಬೇರೆ. ಎದುರಿಗಿರೋನು ಕೊಲ್ತಾನೆ ಅಥವಾ ತೀವ್ರ ಗಾಯ ಮಾಡ್ತಾನೆ ಅನ್ನೋ ಭಯಕ್ಕೆ ತಕ್ಕ ಕಾರಣ ಇದ್ದರೆ 38ನೇ ಸೆಕ್ಷನ್ ಅಡಿ ಅವನ ಸಾವಿನವರೆಗೂ ಹಕ್ಕು ಹೋಗುತ್ತೆ. ಆಸ್ತಿಗೆ ಹಾಗಿಲ್ಲ. 41ನೇ ಸೆಕ್ಷನ್ ನಾಲ್ಕೇ ಸಂದರ್ಭ ಹೇಳುತ್ತೆ: ಸುಲಿಗೆ, ಸೂರ್ಯ ಮುಳುಗಿದ ಮೇಲೆ ಹುಟ್ಟೋದಕ್ಕೆ ಮುಂಚೆ ಮನೆ ಒಡೆಯೋದು, ವಾಸದ ಮನೆಗೋ ಸಾಮಾನು ಇಡೋ ಕಟ್ಟಡಕ್ಕೋ ಬೆಂಕಿ ಅಥವಾ ಸ್ಫೋಟಕ ಇಡೋದು, ತಡೆಯದಿದ್ದರೆ ಸಾವೋ ತೀವ್ರ ಗಾಯವೋ ಆಗುತ್ತೆ ಅನ್ನಿಸೋ ಥರದ ಕಳವು, ಹಾನಿ, ಮನೆ ಅತಿಕ್ರಮ ಪ್ರವೇಶ. ಬರೀ ಕಳವು ಇದರಲ್ಲಿ ಇಲ್ಲ. ಬರೀ ಕಳವಿಗೆ 42ನೇ ಸೆಕ್ಷನ್: ತಡೆಯಬಹುದು, ಹಿಡಿಯಬಹುದು, ಅದಕ್ಕೆ ಬೇಕಾದಷ್ಟು ಪೆಟ್ಟೂ ಕೊಡಬಹುದು, ಸಾವು ತರೋ ಹಾಗಿಲ್ಲ.

ಇದನ್ನ ನಿಮ್ಮ ಮೂರು ಜಾಗಕ್ಕೆ ಹಚ್ಚಿ ನೋಡಿ. ತೋಟದಲ್ಲಿ ಮರ ಹತ್ತಿ ಗೊನೆ ಇಳಿಸ್ತಿರೋನು ಕಳ್ಳ, ಅಷ್ಟೇ. ಅವನಿಗೆ ಗುಂಡು ಹೊಡೆದರೆ ಕೊಲೆ ಕೇಸು. ಬಯಲು ಕಣದಲ್ಲಿ ಒಣಗಿಸಿದ್ದನ್ನ ತುಂಬಿಕೊಳ್ಳೋನೂ ಹಾಗೇ. ಗೋಡೌನ್ ಬೇರೆ. 329ನೇ ಸೆಕ್ಷನ್ ಪ್ರಕಾರ ಸಾಮಾನು ಇಡೋ ಕಟ್ಟಡವೂ "ಮನೆ"ಯ ಲೆಕ್ಕಕ್ಕೇ ಬರುತ್ತೆ. ರಾತ್ರಿ ಅದರ ಬೀಗ ಮುರಿದು ಒಳಗೆ ಹೋದರೆ ಅದು 41ರ ಎರಡನೇ ಸಂದರ್ಭ.

ಆದರೆ ಇಲ್ಲೇ ಜನ ಎಡವೋದು. 41 ಬಾಗಿಲು ತೆರೆದ ತಕ್ಷಣ 37 ಅಡ್ಡ ನಿಲ್ಲುತ್ತೆ. ರಕ್ಷಣೆಗೆ ಎಷ್ಟು ಬೇಕೋ ಅದಕ್ಕಿಂತ ಹೆಚ್ಚು ಹಾನಿ ಮಾಡೋ ಹಾಗಿಲ್ಲ, ಪೊಲೀಸರ ನೆರವು ಪಡೆಯೋಕೆ ಸಮಯ ಇದ್ದಿದ್ದರೆ ಹಕ್ಕೇ ಹುಟ್ಟಲ್ಲ. ಗೋಡೌನ್ ಒಳಗೆ ಬರಿಗೈಲಿ ಮೂಟೆ ಹೊರ್ತಿರೋ ಇಬ್ಬರನ್ನ ಹೊರಗಿನಿಂದ ಬಾಗಿಲು ಹಾಕಿ ಕೂಡಿಹಾಕೋಕೆ ಆಗ್ತಿತ್ತು ಅಂತಾದರೆ, ಗುಂಡು ಯಾಕೆ ಬೇಕಿತ್ತು ಅಂತ ಸರ್ಕಾರಿ ವಕೀಲರು ಕೇಳೇ ಕೇಳ್ತಾರೆ.

ಕಳವು ಸುಲಿಗೆ ಆಗೋ ಗಳಿಗೆಯೂ ಗೊತ್ತಿರಲಿ. ಮೂಟೆ ಹೊತ್ತುಕೊಂಡು ಹೋಗೋಕೆ ಅಂತಲೇ ಕಳ್ಳ ಮಚ್ಚು ಬೀಸಿದ, ಕಾವಲಿನವನನ್ನ ಕಟ್ಟಿಹಾಕಿದ, ಈಗಲೇ ಕಡೀತೀನಿ ಅಂತ ಹೆದರಿಸಿದ ಅಂದರೆ 309ನೇ ಸೆಕ್ಷನ್ ಸುಲಿಗೆ. ಆಗ ಹಕ್ಕಿನ ಅಳತೆಯೇ ಬದಲು. ಅದೇ ಮನುಷ್ಯ ಮಚ್ಚು ಬಿಸಾಕಿ ಕಾಲುವೆ ಕಡೆ ಓಡಿದರೆ ಪ್ರಾಣಭಯ ಮುಗೀತು, ಅಲ್ಲಿಗೆ ಸಾವಿನವರೆಗಿನ ಹಕ್ಕೂ ಮುಗೀತು. ಮಾಲು ಕೈಲಿದ್ದರೆ ಬೆನ್ನಟ್ಟಿ ಹಿಡಿಯೋ ಹಕ್ಕು 43ರ ಪ್ರಕಾರ ಉಳಿಯುತ್ತೆ, ಬೆನ್ನಿಗೆ ಹೊಡೆಯೋದು ಉಳಿಯಲ್ಲ. 1963ರಲ್ಲಿ ವರದಿಯಾದ ಜೈ ದೇವ್ ಪ್ರಕರಣ ಓದಿ. ಅಪಾಯ ತೀರಿ ಜನ ಓಡ್ತಿದ್ದಾಗ ದೂರದಿಂದ ಗುಂಡು ಹಾರಿಸಿದ್ದನ್ನ ಸುಪ್ರೀಂ ಕೋರ್ಟ್ ಆತ್ಮರಕ್ಷಣೆ ಅಂತ ಒಪ್ಪಲಿಲ್ಲ.

---

ಪಿಜೆ_ಬಡಾವಣೆ:

ಮೊದಲನೇ ಪ್ರಶ್ನೆಗೆ. ವಿಡಿಯೊ ಹಾಕಿದವರು ತೀರ್ಪಿನ ಫಲ ಹೇಳಿದ್ದಾರೆ, ತೀರ್ಪು ಯಾವ ಪ್ರಶ್ನೆಗೆ ಉತ್ತರ ಅನ್ನೋದನ್ನ ಹೇಳಿಲ್ಲ.

ಘಟನೆ 2020ರ ಆಗಸ್ಟ್ 25ರ ರಾತ್ರಿ, ವಿಸ್ಕಾನ್ಸಿನ್ ರಾಜ್ಯದ ಕೆನೋಶಾ. ಹನ್ನೆರಡು ಸಾಮಾನ್ಯ ನಾಗರಿಕರ ಜ್ಯೂರಿ ಮುಂದೆ ಐದು ಆರೋಪ ಇದ್ದವು. ಹುಡುಗ ಆ ರಾತ್ರಿ ಅಲ್ಲಿಗೆ ಹೋಗಿದ್ದು ಸರಿಯಾ, ಅವನ ಕೈಗೆ ಅಂಥ ಬಂದೂಕು ಯಾರು ಕೊಟ್ಟರು, ಅವನ ರಾಜಕೀಯ ಏನು ಅನ್ನೋದು ಯಾವುದೂ ಜ್ಯೂರಿಗೆ ಒಪ್ಪಿಸಿದ ಪ್ರಶ್ನೆ ಅಲ್ಲ. ಒಂದೊಂದು ಗುಂಡಿನ ಗಳಿಗೆಗೂ ಒಂದೇ ಪ್ರಶ್ನೆ: ತನಗೆ ಸಾವು ಅಥವಾ ಭಾರೀ ಗಾಯ ಆ ಕ್ಷಣ ಬಂದೆರಗುತ್ತೆ ಅಂತ ಅವನು ನಂಬಿದ್ದನಾ, ಆ ನಂಬಿಕೆ ಆ ಜಾಗದಲ್ಲಿ ನಿಂತವನಿಗೆ ಸಮಂಜಸವಾ? ಇದು ಸುಳ್ಳು ಅಂತ ಸಂಶಯಕ್ಕೆ ಎಡೆಯಿಲ್ಲದಂತೆ ಸಾಬೀತು ಮಾಡೋ ಹೊಣೆ ಸರ್ಕಾರದ ಮೇಲೆ. ಗಾಯಗೊಂಡು ಬದುಕುಳಿದ ಮೂರನೆಯವರು ತಮ್ಮ ಕೈಲೂ ಪಿಸ್ತೂಲಿತ್ತು, ಅದು ಹುಡುಗನ ಕಡೆ ತಿರುಗಿದ ಮೇಲೆ ಅವನು ಹೊಡೆದ ಅಂತ ಪಾಟೀಸವಾಲಿನಲ್ಲಿ ಒಪ್ಪಿಕೊಂಡರು. ಅಷ್ಟಾದ ಮೇಲೆ ಸರ್ಕಾರಕ್ಕೆ ಆ ಹೊಣೆ ಹೊರೋದು ಕಷ್ಟ ಆಯ್ತು.

ಅಪ್ರಾಪ್ತನ ಕೈಲಿ ಬಂದೂಕು ಇದ್ದ ಆರೋಪ ಜ್ಯೂರಿವರೆಗೂ ಹೋಗಲೇ ಇಲ್ಲ. ಆ ರಾಜ್ಯದ ಕಾಯ್ದೆಯ ಬರವಣಿಗೆ ಎಷ್ಟು ಗೋಜಲು ಅಂದ್ರೆ, ನಳಿಗೆ ಗಿಡ್ಡ ಇದ್ದರೆ ಮಾತ್ರ ಆ ವಯಸ್ಸಿನವನಿಗೆ ಅಪರಾಧ ಅಂತ ಓದೋಕೆ ಬರ್ತಿತ್ತು. ಇವನ ನಳಿಗೆ ಗಿಡ್ಡ ಇರಲಿಲ್ಲ. ನ್ಯಾಯಾಧೀಶರೇ ಆ ಆರೋಪ ಕೈಬಿಟ್ಟರು. ಸಿಟ್ಟಾದವರ ಸಿಟ್ಟಿನ ಅರ್ಧ ಪಾಲು ಹೋಗಬೇಕಾದ್ದು ಆ ಕಾಯ್ದೆ ಬರೆದ ಶಾಸನಸಭೆ ಮೇಲೆ ಅಂತ ನನ್ನ ಲೆಕ್ಕ.

ಈಗ ನಿಮ್ಮ ಮೊದಲನೇ ಬಣಕ್ಕೆ. ಅದೇ ವಿಸ್ಕಾನ್ಸಿನ್ ಕಾಯ್ದೆಯಲ್ಲಿ, ಬರೀ ಆಸ್ತಿ ಕಾಪಾಡೋಕೆ ಅಂತ ಸಾವು ತರುವಂಥ ಬಲ ಬಳಸೋದು ಸಮಂಜಸ ಅಲ್ಲ ಅಂತ ಬರೆದೇ ಇದೆ. ಹಾಗಾಗಿ "ತೋಟಕ್ಕೆ ನುಗ್ಗಿದವನಿಗೆ" ಅನ್ನೋ ವಾದಕ್ಕೆ ಈ ತೀರ್ಪು ಅಲ್ಲೇ ಆಸರೆ ಕೊಡಲ್ಲ, ಇಲ್ಲಿ ಎಲ್ಲಿ ಕೊಟ್ಟೀತು? ಎರಡನೇ ಬಣಕ್ಕೂ ಒಂದು ಮಾತು. ಖುಲಾಸೆ ಅಂದ್ರೆ "ಮಾಡಿದ್ದು ಒಳ್ಳೇದು" ಅಂತ ಕೊಟ್ಟ ಸರ್ಟಿಫಿಕೇಟ್ ಅಲ್ಲ.

ಅಲ್ಲಿ ಜಗಳ ನಿಲ್ಲದೇ ಇರೋಕೆ ಇನ್ನೊಂದು ಕಾರಣ ಜ್ಯೂರಿ ಪದ್ಧತಿ. ಜ್ಯೂರಿ ಕಾರಣ ಬರೆಯಲ್ಲ, "ತಪ್ಪಿತಸ್ಥನಲ್ಲ" ಅಂದು ಎದ್ದು ಹೋಗುತ್ತೆ. ಸರ್ಕಾರ ಮೇಲ್ಮನವಿಯನ್ನೂ ಹಾಕೋ ಹಾಗಿಲ್ಲ. ನಮ್ಮಲ್ಲಿ ಸೆಷನ್ಸ್ ನ್ಯಾಯಾಧೀಶರು ಯಾವ ಸಾಕ್ಷಿ ನಂಬಿದೆ, ಯಾಕೆ ನಂಬಿದೆ ಅಂತ ಪುಟಗಟ್ಟಲೆ ಬರೀಲೇಬೇಕು. ದಾವಣಗೆರೆಯಲ್ಲೋ ಚಿತ್ರದುರ್ಗದಲ್ಲೋ ಖುಲಾಸೆ ಆದರೆ ಸರ್ಕಾರ ಬೆಂಗಳೂರಿನ ಹೈಕೋರ್ಟ್‌ಗೆ ಹೋಗಬಹುದು, ಸತ್ತವನ ಮನೆಯವರೂ ಹೋಗಬಹುದು. ಇಲ್ಲಿನ ತೀರ್ಪಿನ ಬಗ್ಗೆ ಜಗಳ ಆಡೋರು ಇ-ಕೋರ್ಟ್ಸ್ ಜಾಲತಾಣದಲ್ಲಿ ಕೇಸಿನ 16 ಅಕ್ಷರ-ಅಂಕಿಯ ಸಿಎನ್‌ಆರ್ ಸಂಖ್ಯೆ ಹಾಕಿ ಮೊದಲು ಓದಲಿ. ಟಿವಿಯ ಕೆಳಗೆ ಓಡೋ ಪಟ್ಟಿ ತೀರ್ಪಲ್ಲ.

---

ಜಗಳೂರು_ಮೆಕ್ಕೆಜೋಳ:

ಇಬ್ಬರೂ ಚೆನ್ನಾಗಿ ಬರೆದಿದ್ದೀರಿ ಸರ್, ಒಪ್ತೀನಿ ಅಂತ ಮಾತ್ರ ಅನ್ನಲ್ಲ. ರಾತ್ರಿ ಎರಡು ಗಂಟೆ, ಕರೆಂಟ್ ಇಲ್ಲ, ನಾಲ್ಕು ಜನ ಬಂದಿದ್ದಾರೆ. ಅವರ ಕೈಲಿ ಇರೋದು ದೋಟಿನೋ ಮಚ್ಚೋ ಅಂತ ಟಾರ್ಚ್ ಬಿಟ್ಟು ನೋಡಿ ಆಮೇಲೆ ಸೆಕ್ಷನ್ ನೆನಪು ಮಾಡ್ಕೋಬೇಕಾ? 112ಕ್ಕೆ ಫೋನ್ ಮಾಡಿದರೆ ಗಾಡಿ ಬರೋ ಹೊತ್ತಿಗೆ ಕಳ್ಳ ಭದ್ರಾವತಿ ದಾಟಿರ್ತಾನೆ. ಕೋರ್ಟ್ ಹಾಲಲ್ಲಿ ಫ್ಯಾನ್ ಕೆಳಗೆ ಕೂತು ಅಳೆಯೋದು ಸುಲಭ. ಇಂಗ್ಲೆಂಡಿನಲ್ಲಿ ಟೋನಿ ಮಾರ್ಟಿನ್ ಅಂತ ರೈತನಿಗೆ ಇದೇ ಆಯ್ತು. ಮತ್ತೆ ಮತ್ತೆ ಮನೆಗೆ ಕಳ್ಳರು ನುಗ್ಗಿದರು, ಕೊನೆಗೆ ಹೊಡೆದ, ಜೈಲಿಗೆ ಹೋದ. ಅಲ್ಲಿನ ಅರ್ಧ ದೇಶ ಅವನ ಪರ ನಿಂತಿತ್ತು. ಅವರೆಲ್ಲ ದಡ್ಡರಾ?

---

ಕೋರ್ಟ್_ಹಾಲ್:

ದಡ್ಡರಲ್ಲ. ನಿಮ್ಮ ಪ್ರಶ್ನೆಯ ಮೊದಲ ಅರ್ಧಕ್ಕೆ ಕಾನೂನೂ ನಿಮ್ಮ ಕಡೆಗೇ ಇದೆ. ಗಾಬರಿಯಲ್ಲಿ ಇರೋನ ಪೆಟ್ಟನ್ನ ಚಿನ್ನದ ತಕ್ಕಡೀಲಿ ತೂಗೋ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 1950ರ ದಶಕದಿಂದಲೇ ಹೇಳ್ತಾ ಬಂದಿದೆ. 2010ರ ದರ್ಶನ್ ಸಿಂಗ್ ಪ್ರಕರಣದಲ್ಲಿ ಇನ್ನೂ ಸ್ಪಷ್ಟ: ನಿಜವಾದ ಅಪಾಯವೇ ಇರಬೇಕಿಲ್ಲ, ಇದೆ ಅನ್ನೋ ಭಯಕ್ಕೆ ತಕ್ಕ ಕಾರಣ ಇದ್ದರೆ ಸಾಕು, ಎದುರಾಳಿ ಬಂದಾಗ ಓಡಿಹೋಗಬೇಕು ಅಂತಲೂ ಕಾನೂನು ಹೇಳಲ್ಲ. ಕತ್ತಲಲ್ಲಿ ದೋಟಿಯನ್ನ ಮಚ್ಚು ಅಂತ ತಿಳಿದರೆ ಅದೂ ಲೆಕ್ಕಕ್ಕೆ ಬರುತ್ತೆ, ಆ ದೋಟಿ ನಿಮ್ಮ ಕಡೆ ಬೀಸಿ ಬಂದಿದ್ದರೆ. ಮರದ ತುದಿಯಲ್ಲಿದ್ದರೆ ಬರಲ್ಲ.

ಟೋನಿ ಮಾರ್ಟಿನ್ ವಿಷಯದಲ್ಲಿ ಗುಂಪುಗಳು ಹೇಳದೇ ಬಿಡೋ ಸಂಗತಿಗಳಿವೆ. 1999ರ ಆಗಸ್ಟ್, ನಾರ್ಫೋಕ್ ಕೌಂಟಿ. ಸತ್ತ ಹುಡುಗನಿಗೆ 16 ವರ್ಷ, ಗುಂಡು ಬೆನ್ನಿಗೆ ಬಿದ್ದಿತ್ತು. ಬಂದೂಕಿಗೆ ಪರವಾನಗಿ ಇರಲಿಲ್ಲ. 2000ದಲ್ಲಿ ಜ್ಯೂರಿ 10-2ರಲ್ಲಿ ಕೊಲೆ ಅಂದಿತು. 2001ರಲ್ಲಿ ಮೇಲ್ಮನವಿ ಕೋರ್ಟ್ ಅದನ್ನ ಕೊಲೆಯಲ್ಲದ ನರಹತ್ಯೆಗೆ ಇಳಿಸಿ ಐದು ವರ್ಷ ಮಾಡಿತು, ಆದರೆ ಆತ್ಮರಕ್ಷಣೆ ಒಪ್ಪಿ ಅಲ್ಲ, ಅವರ ಮಾನಸಿಕ ಸ್ಥಿತಿ ನೋಡಿ. ಬೆನ್ನು, ಪರವಾನಗಿ ಈ ಎರಡೂ ಬೇರೆ ಥರ ಇದ್ದಿದ್ದರೆ ಅದೇ ಜ್ಯೂರಿ ಬೇರೆ ಮಾತು ಹೇಳೋ ಸಾಧ್ಯತೆ ಇತ್ತು.

ನಮ್ಮಲ್ಲೇ ಜೋಡಿಯಾಗಿ ಓದಬೇಕಾದ ಎರಡು ಕೇಸಿವೆ. ಮೊಹಿಂದರ್ ಪಾಲ್ ಜಾಲಿ, 1979: ಕೂಲಿ ಕೇಳ್ತಾ ಹೊರಗೆ ಗಲಾಟೆ ಮಾಡಿ ಇಟ್ಟಿಗೆ ಚೂರು ಎಸೀತಿದ್ದ ಕಾರ್ಮಿಕರ ಮೇಲೆ ಕಾರ್ಖಾನೆ ಮಾಲೀಕ ಕೋಣೆ ಒಳಗಿನಿಂದ ಹೊಡೆದ, ಒಬ್ಬ ಸತ್ತ. ಹಕ್ಕು ಇತ್ತು, ಮಿತಿ ಮೀರಿತು ಅಂತ ತೀರ್ಪು. ಕೇರಳದ ಜೇಮ್ಸ್ ಮಾರ್ಟಿನ್: 1988ರ ಭಾರತ್ ಬಂದ್ ದಿನ ಹಿಟ್ಟಿನ ಗಿರಣಿಗೆ ನುಗ್ಗಿದ ಗುಂಪು ಹಲ್ಲೆ ಮಾಡಿ ಬೆಂಕಿ ಹಚ್ಚಿತು, ಗುಂಡಿಗೆ ಇಬ್ಬರು ಸತ್ತರು, ಸುಪ್ರೀಂ ಕೋರ್ಟ್ ಖುಲಾಸೆ ಮಾಡಿತು. ಒಂದರಲ್ಲಿ ಗಲಾಟೆ ಬಾಗಿಲ ಹೊರಗೆ, ಇನ್ನೊಂದರಲ್ಲಿ ಒಳಗೆ. ಬೆಂಕಿ ಇತ್ತು, ಇರಲಿಲ್ಲ. ತೀರ್ಪು ತಿರುಗೋದು ಇಂಥ ಸಣ್ಣ ಸಂಗತಿ ಮೇಲೆ.

ಮಿತಿ ಮೀರಿದರೆ ಎಲ್ಲ ಹೋಯ್ತು ಅಂತಲ್ಲ. 101ನೇ ಸೆಕ್ಷನ್ನಿನ ಎರಡನೇ ವಿನಾಯಿತಿ ಇದೆ: ಒಳ್ಳೇ ಉದ್ದೇಶದಿಂದ ರಕ್ಷಣೆ ಮಾಡಿಕೊಳ್ತಾ ಮಿತಿ ದಾಟಿದರೆ ಕೊಲೆ ಅಲ್ಲ, ಕೊಲೆಯಲ್ಲದ ನರಹತ್ಯೆಗಿರೋ 105ರ ಶಿಕ್ಷೆ. ಆದರೆ ಪೂರ್ವಯೋಜನೆ ಇರಬಾರದು. "ಇವತ್ತು ಬರಲಿ, ನೋಡ್ಕೋತೀನಿ" ಅಂತ ಬಂದೂಕು ತುಂಬಿ ಮರದ ಹಿಂದೆ ಕೂತಿದ್ದು, ಅದನ್ನ ಗುಂಪಲ್ಲಿ ವಾಯ್ಸ್ ಮೆಸೇಜ್ ಮಾಡಿದ್ದು ಸಾಕ್ಷಿಗೆ ಬಂತೋ, ಈ ವಿನಾಯಿತಿಯೂ ಕೈ ಬಿಡುತ್ತೆ. ನಿಮ್ಮ ವಾಟ್ಸಾಪ್ ಗುಂಪಿನ ವೀರರಿಗೆ ಇದನ್ನ ಮೊದಲು ತಿಳಿಸಿ.

ಅಮೆರಿಕಕ್ಕೂ ನಮಗೂ ದೊಡ್ಡ ವ್ಯತ್ಯಾಸ ಸಾಬೀತಿನ ಹೊಣೆ. ಅಲ್ಲಿ ಆತ್ಮರಕ್ಷಣೆ ಸುಳ್ಳು ಅಂತ ಸರ್ಕಾರ ತೋರಿಸಬೇಕು. ಇಲ್ಲಿ ಸಾಕ್ಷ್ಯ ಅಧಿನಿಯಮದ 108ನೇ ಸೆಕ್ಷನ್ ಪ್ರಕಾರ ಅದು ಇತ್ತು ಅಂತ ಆರೋಪಿ ತೋರಿಸಬೇಕು. ಸಂಶಯಾತೀತವಾಗಿ ಅಲ್ಲ, "ಹೀಗೇ ಆಗಿರಬಹುದು" ಅನ್ನಿಸೋ ಮಟ್ಟಿಗೆ. ಹಾಗಾಗಿ ರಿಟನ್‌ಹೌಸ್ ಕೇಸಿನ ಅದೇ ಸಾಕ್ಷ್ಯ ಇಟ್ಟುಕೊಂಡು ಇಲ್ಲಿ ಶುರು ಮಾಡಿದರೂ ಓಟದ ಗೆರೆ ಬೇರೆ ಕಡೆ ಇರುತ್ತೆ.

---

ಕೋಟೆ_ಮದ್ದು (ಚಿತ್ರದುರ್ಗ):

ಬಂದೂಕಿನ ಕಡೆಯಿಂದ.

ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ನಿನಲ್ಲಿ ಎರಡು ದಾರಿ ಇದೆ. ರಕ್ಷಣೆ ಅಥವಾ ಕ್ರೀಡೆಗೆ 20 ಇಂಚಿಗೆ ಕಮ್ಮಿಯಿಲ್ಲದ ನಯ ನಳಿಗೆಯ (ಒಳಗೆ ರೈಫಲಿನಂತೆ ಸುರುಳಿ ಗೆರೆ ಇಲ್ಲದ) ಬಂದೂಕು. ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬೋ ಬಂದೂಕು; ಅದು ಸಾಲಲ್ಲ ಅಂತ ಅಧಿಕಾರಿಗೆ ಮನವರಿಕೆ ಆದರೆ ಬೇರೆ ನಯ ನಳಿಗೆ. ನಮ್ಮ ಎರಡೂ ಜಿಲ್ಲೆಯಲ್ಲಿ ಡಿಸಿ ಕಚೇರಿಗೆ ಅರ್ಜಿ, ನಮೂನೆ ಎ-1, ಜೊತೆಗೆ ತರಬೇತಿಯ ಎಸ್-1 ಪ್ರಮಾಣಪತ್ರ. ಕೊಡಗಿನವರಿಗಿರೋ ಲೈಸೆನ್ಸ್ ವಿನಾಯಿತಿ ನಮಗಿಲ್ಲ. 2019ರ ತಿದ್ದುಪಡಿ ಆದ ಮೇಲೆ ಲೈಸೆನ್ಸ್ ಅವಧಿ ಐದು ವರ್ಷ, ಒಬ್ಬರ ಹೆಸರಲ್ಲಿ ಎರಡೇ ಬಂದೂಕು. ಅಪ್ಪನ ಹೆಸರಿನ ಬಂದೂಕು ಅಪ್ಪ ತೀರಿಕೊಂಡ ಮೇಲೂ ಅಟ್ಟದ ಮೇಲೇ ಇದ್ದರೆ ಅದು ಅಕ್ರಮ ಬಂದೂಕು. ನವೀಕರಣ ಮರೆತರೂ ಅಷ್ಟೇ.

ಬೆಳೆ ರಕ್ಷಣೆ ಲೈಸೆನ್ಸಿನ ಬಂದೂಕಿನಿಂದ ನಿಜವಾಗಿ ಜೀವ ಉಳಿಸಿಕೊಂಡರೆ ಆತ್ಮರಕ್ಷಣೆಯ ವಾದ ಬಿದ್ದು ಹೋಗಲ್ಲ, ಹಕ್ಕು ಹುಟ್ಟೋದು ನ್ಯಾಯ ಸಂಹಿತೆಯಿಂದ, ಲೈಸೆನ್ಸಿನಿಂದ ಅಲ್ಲ. ಲೈಸೆನ್ಸಿನ ಷರತ್ತು ಮೀರಿದ್ದಕ್ಕೆ ಶಸ್ತ್ರಾಸ್ತ್ರ ಕಾಯ್ದೆಯ 30ನೇ ಸೆಕ್ಷನ್, ನಾಡಬಂದೂಕಾದರೆ 25 ಮತ್ತು 27 ಪ್ರತ್ಯೇಕವಾಗಿ ನಿಲ್ತವೆ. ಕೊಲೆ ಆರೋಪದಿಂದ ಬಿಡುಗಡೆ ಆಗಿ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಒಳಗೆ ಹೋಗೋಕೆ ಸಾಧ್ಯ ಇದೆ.

ಈಗ ಯಾರೂ ಹೇಳದ ವಿಷಯ, ತೋಟಾದೊಳಗೆ (ಕಾಡತೂಸಿನೊಳಗೆ) ತುಂಬಿರೋ ಸಣ್ಣ ಸೀಸದ ಗುಂಡುಗಳು, ಅಂದ್ರೆ ಛರ‍್ರೆ. ಹನ್ನೆರಡು ಬೋರಿನ, ಬಾಯಿ ಕಿರಿದು ಮಾಡಿರದ (ಚೋಕ್ ಇಲ್ಲದ) ನಳಿಗೆಯಿಂದ ಹೊರಟ ಛರ‍್ರೆ ಅಂದಾಜು ಒಂದು ಗಜಕ್ಕೆ ಒಂದು ಇಂಚಿನಂತೆ ಹರಡುತ್ತೆ. ಇಪ್ಪತ್ತು ಗಜದಲ್ಲಿ ಇಪ್ಪತ್ತು ಇಂಚಿನ ವೃತ್ತ ಅಂದುಕೊಳ್ಳಿ. ಕಾಲಿಗೆ ಗುರಿ ಇಟ್ಟೆ ಅನ್ನೋ ಮಾತು ಅಷ್ಟು ದೂರದಲ್ಲಿ ನಡೆಯಲ್ಲ, ಒಂದೆರಡು ಛರ‍್ರೆ ಹೊಟ್ಟೆ ಸೇರಿದರೆ ಸಾಕು. ಅದೇ ಛರ‍್ರೆ ಸುಳ್ಳನ್ನೂ ಹಿಡಿಯುತ್ತೆ. ಎಫ್‌ಎಸ್‌ಎಲ್‌ನವರು (ವಿಧಿವಿಜ್ಞಾನ ಪ್ರಯೋಗಾಲಯದವರು) ಅದೇ ಬಂದೂಕು, ಅದೇ ತಯಾರಿಕೆಯ ತೋಟಾದಲ್ಲಿ ಬೇರೆ ಬೇರೆ ದೂರದಿಂದ ಹೊಡೆದು, ಮೈಮೇಲಿನ ಗಾಯದ ಹರವಿಗೆ ಹೋಲಿಸಿ ದೂರ ಹೇಳ್ತಾರೆ. ಕೈಯಳತೆಯಲ್ಲಿ ಹೊಡೆದಿದ್ದರೆ ಗಾಯ ಒಂದೇ ತೂತು, ಸುತ್ತ ಮಸಿ, ಸಿಡಿಮದ್ದಿನ ಚುಕ್ಕೆ. "ಮೈಮೇಲೆ ಬಿದ್ದ, ಹೊಡೆದೆ" ಅಂದವನ ಎದುರಾಳಿಯ ಮೈಯಲ್ಲಿ ಛರ‍್ರೆ ಅಂಗೈಯಗಲಕ್ಕಿಂತ ಹೆಚ್ಚು ಹರಡಿದ್ದರೆ ಕಥೆ ಅಲ್ಲಿಗೇ ಮುಗೀತು.

ಹೆದರಿಸೋಕೆ ಗಾಳಿಯಲ್ಲಿ ಗುಂಡು ಅನ್ನೋರಿಗೆ: ಬೇರೆಯವರ ಜೀವಕ್ಕೆ ಅಪಾಯ ಆಗೋ ಹಾಗೆ ಅಜಾಗರೂಕತೆಯಿಂದ ಹಾರಿಸಿದರೆ ಶಸ್ತ್ರಾಸ್ತ್ರ ಕಾಯ್ದೆ 25(9), ಎರಡು ವರ್ಷದವರೆಗೆ ಜೈಲು ಅಥವಾ ಒಂದು ಲಕ್ಷದವರೆಗೆ ದಂಡ ಅಥವಾ ಎರಡೂ. ಮರ ಹತ್ತಿದವನು ಇರೋದು ಮೇಲೆ ಅನ್ನೋದನ್ನೂ ಮರೀಬೇಡಿ.

ಹಳೇ ಜೋಡುನಳಿಗೆ ಇದ್ದೋರು ಚೇಂಬರ್ ಅಳತೆ ನೋಡಿ. 65 ಮಿಲಿಮೀಟರ್ ಕೊರೆದಿದ್ದಕ್ಕೆ 70ರ ತೋಟಾ ಹೊಕ್ಕುತ್ತೆ, ಹೊಡೆದಾಗ ಬಾಯಿ ಬಿಚ್ಚಿಕೊಳ್ಳೋಕೆ ಜಾಗ ಸಾಲದೆ ಒತ್ತಡ ಏರುತ್ತೆ. ಕುದುರೆ ಬಿದ್ದೂ ತೋಟಾ ಹಾರದಿದ್ದರೆ ತಕ್ಷಣ ಬಂದೂಕು ಬಾಗಿಸಿ ತೆರೆದು ನೋಡಬೇಡಿ. ನಳಿಗೆ ಖಾಲಿ ನೆಲದ ಕಡೆ ಇಟ್ಟು ಅರ್ಧ ನಿಮಿಷವಾದರೂ ತಡೀರಿ, ತೇವ ಹಿಡಿದ ತೋಟಾ ತಡವಾಗಿ ಹಾರೋದುಂಟು.

ಚುನಾವಣೆ ನೀತಿ ಸಂಹಿತೆ ಬಂದಾಗ ಬಂದೂಕು ಠಾಣೆಗೆ ಒಪ್ಪಿಸೋ ಆದೇಶ ಬಂದರೆ ಒಪ್ಪಿಸಿ ರಸೀದಿ ತಗೊಳ್ಳಿ. ತೋಟಕ್ಕೆ ಬೇಕೇ ಬೇಕು ಅನ್ನೋರು ಸ್ಕ್ರೀನಿಂಗ್ ಕಮಿಟಿಗೆ ಲಿಖಿತ ಅರ್ಜಿ ಕೊಡಬಹುದು.

---

ಹೊಳಲ್ಕೆರೆ_ಲೈನ್:

ಬಂದೂಕಿನ ಮಾತು ಇಷ್ಟುದ್ದ ನಡೀತಿದೆ, ತೋಟದಲ್ಲಿ ಜೀವ ತೆಗೆಯೋ ಇನ್ನೊಂದು ಸಾಮಾನು ತಂತಿ. ಬೇಲಿಗೆ ನೇರ ಬೆಸ್ಕಾಂ ಲೈನಿಂದ ಕೊಕ್ಕೆ ಹಾಕಿ 230 ವೋಲ್ಟ್ ಬಿಡೋರು "ಹಂದಿಗೆ", "ಕಳ್ಳನಿಗೆ" ಅಂತಾರೆ. ಸಾಯೋದು ಸಾಮಾನ್ಯವಾಗಿ ಬೆಳಗ್ಗೆ ನೀರು ಕಟ್ಟೋಕೆ ಬಂದ ಪಕ್ಕದ ತೋಟದವರು, ಇಲ್ಲಾ ಮನೆಯವರೇ. ಅಲ್ಲಿ ಆತ್ಮರಕ್ಷಣೆ ಅನ್ನೋದಕ್ಕೆ ಜಾಗವೇ ಇಲ್ಲ, ಕಾಪಾಡಿಕೊಳ್ಳೋ ಮನುಷ್ಯನೇ ಮಂಚದ ಮೇಲೆ ಮಲಗಿರ್ತಾನೆ. ತಂತಿ ಯಾರು ಅಂತ ಕೇಳಲ್ಲ. ನರಹತ್ಯೆ ಕೇಸಿನ ಜೊತೆಗೆ ವಿದ್ಯುತ್ ಕಾಯ್ದೆ 135ರ ಕಳವು ಕೇಸೂ ಬೀಳುತ್ತೆ.

ಬೇಲಿಗೆ ಕರೆಂಟ್ ಬೇಕೇ ಬೇಕಂದ್ರೆ ಎನರ್ಜೈಸರ್ ಇರೋ ಸೋಲಾರ್ ಬೇಲಿ ಹಾಕಿ. ಅದು ಸೆಕೆಂಡಿಗೆ ಸುಮಾರು ಒಂದು ಮಿಡಿತ ಬಿಡುತ್ತೆ. ವೋಲ್ಟೇಜ್ ಸಾವಿರಗಟ್ಟಲೆ ಇದ್ದರೂ ಇರೋದು ಸೆಕೆಂಡಿನ ತೀರಾ ಸಣ್ಣ ಪಾಲು, ಹಾಗಾಗಿ ಹೊಡೆತ ತಿಂದವನು ಕೈ ಬಿಡಿಸಿಕೊಳ್ಳೋಕೆ ಆಗುತ್ತೆ. ಅರ್ತಿಂಗ್ ರಾಡ್ ಒಣ ಮಣ್ಣಲ್ಲಿ ಹೊಡೆದರೆ ಬೇಸಿಗೇಲಿ ಬೇಲಿ ಸತ್ತಂತೆ. ತೇವ ಇರೋ ಜಾಗ ಹುಡುಕಿ ಒಂದಕ್ಕಿಂತ ಹೆಚ್ಚು ರಾಡ್ ಹಾಕಿ. ತಂತಿಗೆ ಹುಲ್ಲು ತಾಗಿದರೂ ಹೊಡೆತ ಸೋರಿ ಹೋಗುತ್ತೆ. ಎಚ್ಚರಿಕೆ ಬೋರ್ಡ್ ಕನ್ನಡದಲ್ಲಿ, ರಸ್ತೆ ಕಡೆಗೆ ಕಾಣೋ ಹಾಗೆ.

---

ಮಹಜರ್_ಪುಸ್ತಕ:

ಗುಂಡು ಹಾರಿದ ಮೇಲಿನ ಮೊದಲ ಒಂದೆರಡು ಗಂಟೆ ಬಗ್ಗೆ ಯಾರೂ ಬರೆದಿಲ್ಲ. ಕೇಸು ಕೆಡೋದು ಹೆಚ್ಚಾಗಿ ಅಲ್ಲೇ.

112ಕ್ಕೆ ಕರೆ ಹೋಗಲೇಬೇಕು, ಹೊಡೆದವರಿಂದಲೇ ಹೋಗಲಿ: ಜಾಗ ಇದು, ಒಬ್ಬರಿಗೆ ಗುಂಡು ತಗುಲಿದೆ, ಆಂಬುಲೆನ್ಸ್ ಬೇಕು. ಗಾಯಗೊಂಡವನಿಗೆ ನೆರವು ಕೊಡಿಸಿದ್ದು ಮನುಷ್ಯತ್ವವೂ ಹೌದು, "ಬೇಕಾದ್ದಕ್ಕಿಂತ ಹೆಚ್ಚು ಹಾನಿ ಮಾಡೋ ಉದ್ದೇಶ ಇರಲಿಲ್ಲ" ಅನ್ನೋದಕ್ಕೆ ಸಾಕ್ಷಿಯೂ ಹೌದು. ಬಂದೂಕು ಒರೆಸಬೇಡಿ, ಎಣ್ಣೆ ಹಾಕಬೇಡಿ. ಹಾರದೇ ಉಳಿದ ತೋಟಾ ನಳಿಗೆಯಲ್ಲಿದ್ದರೆ ತೆಗೆದು ಪಕ್ಕದಲ್ಲಿಡಿ, ಖಾಲಿ ಕೊಳವೆ ಎಲ್ಲಿದೆಯೋ ಅಲ್ಲೇ ಇರಲಿ. ಪೆಟ್ಟಿಗೆಯಲ್ಲಿ ಮಿಕ್ಕ ತೋಟಾಗಳನ್ನ ಬಚ್ಚಿಡಬೇಡಿ, ಮೇಲೆ ಕೋಟೆಯವರು ಹೇಳಿದ ದೂರದ ಪರೀಕ್ಷೆಗೆ ಅವೇ ಬೇಕು.

ಅವನ ಮಚ್ಚನ್ನ ಯಾರೂ ಮುಟ್ಟಬಾರದು. ಮಚ್ಚು ಇಲ್ಲದಿದ್ದರೆ ತಂದು ಇಡೋ ಬುದ್ಧಿವಂತಿಕೆಯಂತೂ ಬೇಡವೇ ಬೇಡ. ಹಿಡಿಯ ಮೇಲೆ ಯಾರ ಬೆರಳಚ್ಚು, ಕೆಳಗಿನ ಹುಲ್ಲು ಒತ್ತಿದೆಯಾ, ರಕ್ತದ ಹನಿ ಮಚ್ಚಿನ ಮೇಲಿದೆಯಾ ಕೆಳಗಿದೆಯಾ ಅಂತ ನೋಡೋರು ಬರ್ತಾರೆ. ಈಗ ಶೋಧ, ಜಪ್ತಿ ಎರಡನ್ನೂ ವಿಡಿಯೊ ಮಾಡಬೇಕು ಅಂತ, ತನಿಖೆ-ವಿಚಾರಣೆಯ ಕ್ರಮ ಹೇಳೋ ನಾಗರಿಕ ಸುರಕ್ಷಾ ಸಂಹಿತೆಯ 105ನೇ ಸೆಕ್ಷನ್ ಇದೆ. ಮಹಜರಿನಲ್ಲಿ ಗುರುತಾಗಬೇಕಾದ್ದು: ನಿಂತ ಜಾಗದಿಂದ ಬಿದ್ದ ಜಾಗಕ್ಕೆ ಮೀಟರ್ ಲೆಕ್ಕದಲ್ಲಿ ದೂರ, ಬೆಳಕು ಎಲ್ಲಿಂದ, ಮುರಿದ ಬೀಗ, ಹೆಜ್ಜೆ ಗುರುತು ಯಾವ ದಿಕ್ಕಿಗೆ. ಬೀಗ ರಿಪೇರಿ ಮಾಡಿಸಿಬಿಟ್ಟರೆ ಮನೆ ಒಡೆದಿದ್ದಕ್ಕೆ ಸಾಕ್ಷಿ ಹೋಯ್ತು, ಜೊತೆಗೆ 41ನೇ ಸೆಕ್ಷನ್ನೂ.

ತನಗಾದ ಗಾಯ ಸಣ್ಣದು ಅಂತ ಬಿಡಬೇಡಿ. ತರಚು, ಬಾಸುಂಡೆ ಏನಿದ್ದರೂ ಅವತ್ತೇ ಸರ್ಕಾರಿ ಆಸ್ಪತ್ರೆಯಲ್ಲಿ, ದಾವಣಗೆರೆಯಾದರೆ ಚಿಗಟೇರಿ ಜಿಲ್ಲಾಸ್ಪತ್ರೆಯಲ್ಲಿ, ತೋರಿಸಿ ಗಾಯದ ಪ್ರಮಾಣಪತ್ರಕ್ಕೆ ಬರೆಸಿ. ಆರೋಪಿಯ ಮೈಮೇಲಿನ ಗಾಯ ಹೇಗಾಯ್ತು ಅಂತ ಪ್ರಾಸಿಕ್ಯೂಷನ್ ವಿವರಿಸದಿದ್ದರೆ ಅದು ಅವರ ಕೇಸಿನ ದೊಡ್ಡ ತೂತು ಅಂತ 1976ರ ಲಕ್ಷ್ಮೀ ಸಿಂಗ್ ತೀರ್ಪಿನಿಂದ ಬಂದ ಮಾತು. ಮೂರು ದಿನ ಬಿಟ್ಟು ತೋರಿಸಿದ ಗಾಯವನ್ನ ಯಾರೂ ನಂಬಲ್ಲ.

ಸಿಸಿ ಕ್ಯಾಮೆರಾ ಇದ್ದರೆ ಡಿವಿಆರ್ (ದೃಶ್ಯ ದಾಖಲಿಸೋ ಪೆಟ್ಟಿಗೆ) ತಕ್ಷಣ ಆಫ್ ಮಾಡಿ ಒಪ್ಪಿಸಿ, ಹಾರ್ಡ್‌ಡಿಸ್ಕ್ ತುಂಬಿದ ಹಾಗೆ ಹಳೇದರ ಮೇಲೇ ಹೊಸದು ಬರೆದುಕೊಂಡು ಹೋಗುತ್ತೆ. ಮೊಬೈಲಲ್ಲಿ ಪರದೆಯ ವಿಡಿಯೊ ತೆಗೆದು ಹಂಚಿದ್ದು ಕೋರ್ಟ್‌ನಲ್ಲಿ ನಿಲ್ಲಲ್ಲ. ಸಾಕ್ಷ್ಯ ಅಧಿನಿಯಮ 63(4)ರ ಪ್ರಮಾಣಪತ್ರ, ಹ್ಯಾಶ್ ಮೌಲ್ಯ (ಫೈಲು ತಿದ್ದಿಲ್ಲ ಅಂತ ತೋರಿಸೋ ಗುರುತು) ಸಮೇತ ಬೇಕು.

ಎಲ್ಲಕ್ಕಿಂತ ಹೆಚ್ಚು ಕೇಸು ಹಾಳು ಮಾಡೋದು ಎರಡು ನಾಲಿಗೆ. ಠಾಣೆಯಲ್ಲಿ "ಬಂದೂಕು ಕೈ ಜಾರಿ ಹಾರಿತು", ಜಾಮೀನು ಅರ್ಜಿಯಲ್ಲಿ "ನಾನು ಅಲ್ಲಿರಲೇ ಇಲ್ಲ", ವಿಚಾರಣೆಯಲ್ಲಿ "ಜೀವ ಉಳಿಸಿಕೊಳ್ಳೋಕೆ ಹೊಡೆದೆ". ಆತ್ಮರಕ್ಷಣೆಯನ್ನ ಆರೋಪಿ ಬಾಯಿಬಿಟ್ಟು ಹೇಳದಿದ್ದರೂ ದಾಖಲೆಯಿಂದ ಎದ್ದು ಕಂಡರೆ ಕೋರ್ಟ್ ಪರಿಗಣಿಸಬಹುದು, ಅದು ಕಾನೂನು. ಆದರೆ ಮೂರು ಕಥೆ ಕೇಳಿದ ನ್ಯಾಯಾಧೀಶರಿಗೆ ಅದು ಎದ್ದು ಕಾಣೋದು ಕಷ್ಟ. ವಕೀಲರು ಬರೋವರೆಗೆ ಉದ್ದ ಹೇಳಿಕೆ ಬೇಡ.

---

ಜಗಳೂರು_ಮೆಕ್ಕೆಜೋಳ:

ಓದಿದೆ. ಬೀಗದ ಮಾತು, ಗಾಯದ ಮಾತು ಉಪಯೋಗಕ್ಕೆ ಬರ್ತವೆ. ಕಳ್ಳನಿಗೆ ಬರೀ ಕಳವು ಕೇಸು ಹಾಕಿ ವಾರಕ್ಕೆ ಜಾಮೀನು ಕೊಡೋ ಪದ್ಧತಿ ಇರೋವರೆಗೆ ಜನ ಆ ಅಮೆರಿಕದ ವಿಡಿಯೊ ಹಂಚ್ತಾನೇ ಇರ್ತಾರೆ, ಅದನ್ನೂ ಒಪ್ಕೊಳ್ಳಿ. ಇನ್ನೊಂದು: ನಮ್ಮಲ್ಲಿ ಕರಡಿ ಕಾಟ. ಅದಕ್ಕೂ ಇದೇ ಸೆಕ್ಷನ್ನಾ?

ಕೋರ್ಟ್_ಹಾಲ್:

ಮೊದಲನೇದು ಒಪ್ಪಿದೆ. ಕರಡಿಗೆ ಬೇರೆ, ವನ್ಯಜೀವಿ ಸಂರಕ್ಷಣಾ ಕಾಯ್ದೆ 11(2). ನಿಮ್ಮ ಅಥವಾ ಇನ್ನೊಬ್ಬರ ಜೀವ ಕಾಪಾಡೋಕೆ ಒಳ್ಳೇ ಉದ್ದೇಶದಿಂದ ಕೊಂದರೆ ಅಪರಾಧ ಅಲ್ಲ. ಬೇಟೆಗೆ ಹೋದಾಗ ಎದುರಾಯ್ತು ಅಂದರೆ ಈ ರಕ್ಷಣೆ ಇಲ್ಲ. ಸತ್ತ ಪ್ರಾಣಿ ಸರ್ಕಾರದ ಸ್ವತ್ತು, ಅರಣ್ಯ ಇಲಾಖೆಗೆ ತಿಳಿಸಬೇಕು. ಮೆಕ್ಕೆಜೋಳ ತಿನ್ನೋಕೆ ಬಂತು ಅನ್ನೋದು ಜೀವರಕ್ಷಣೆ ಆಗಲ್ಲ.

ಚನ್ನಗಿರಿ_ತೋಟ:

ಎಲ್ಲರಿಗೂ ಧನ್ಯವಾದ. ಮಹಜರ್ ಅವರ ಬರಹ, ಕೋರ್ಟ್ ಹಾಲ್ ಅವರ ಮೊದಲ ಉತ್ತರ ಎರಡನ್ನೂ ಗುಂಪಿಗೆ ಹಾಕ್ತೀನಿ. ಕೊನೇ ಪ್ರಶ್ನೆ. ಲೈಸೆನ್ಸ್ ಮಾಲೀಕರ ಹೆಸರಲ್ಲಿದೆ, ರಾತ್ರಿ ಕಾವಲಿಗೆ ಕೂಲಿಯವನನ್ನ ಇಟ್ಟಿದ್ದಾರೆ. ಬಂದೂಕು ಅವನ ಕೈಗೆ ಕೊಟ್ಟು ಮಲಗೋಕೆ ಬರಬಹುದಾ?

ಕೋಟೆ_ಮದ್ದು (ಚಿತ್ರದುರ್ಗ):

ಬರೋ ಹಾಗಿಲ್ಲ. ಅವನ ಹೆಸರು ಲೈಸೆನ್ಸಿನಲ್ಲಿ ರಿಟೈನರ್ (ಮಾಲೀಕರ ಪರವಾಗಿ ಬಂದೂಕು ಹಿಡಿಯೋನು) ಅಂತ ಸೇರಿರಬೇಕು, ಅದಕ್ಕೆ ಡಿಸಿ ಕಚೇರಿಯಲ್ಲಿ ಅರ್ಜಿ, ಅವನ ಮೇಲೂ ಪೊಲೀಸ್ ವರದಿ. ಸೇರಿಸದೇ ಕೊಟ್ಟರೆ ಅವನ ಮೇಲೆ ಲೈಸೆನ್ಸ್ ಇಲ್ಲದ ಬಂದೂಕು ಹಿಡಿದ ಕೇಸು, ಮಾಲೀಕರ ಮೇಲೆ ಕೊಟ್ಟಿದ್ದಕ್ಕೆ ಕೇಸು, ಲೈಸೆನ್ಸೂ ರದ್ದಾಗಬಹುದು. ಕೊಯ್ಲಿನ ಎರಡು ತಿಂಗಳಿಗೆ ಬಂದು ಹೋಗೋ ಕಾವಲಿನವನಿಗೆ ರಿಟೈನರ್ ಮಾಡಿಸೋ ಹೊತ್ತಿಗೆ ಕೊಯ್ಲೇ ಮುಗಿದಿರುತ್ತೆ. ಅವನಿಗೆ ಜೋರು ಬೆಳಕಿನ ಟಾರ್ಚ್, ಸೀಟಿ, ಚಾರ್ಜ್ ಇರೋ ಫೋನ್, ಜೊತೆಗೆ ಇನ್ನೊಬ್ಬ ಆಳು ಕೊಡಿ. ಗೋಡೌನ್ ಬಾಗಿಲಿಗೆ ಹೊರಗಿನಿಂದ ಹಾಕೋ ಒಂದು ಗಟ್ಟಿ ಅಗುಳಿಯನ್ನೂ ಮಾಡಿಸಿ.